ಅಕ್ಕಿ ಡಬ್ಬದಲ್ಲಿ ಹುಳ: ಕಂಡದ್ದನ್ನು ಆರಿಸಿದರೆ ಸಾಲದು

ಮೂರು ವರ್ಷದ ಹಿಂದೆ, ಜುಲೈ ತಿಂಗಳು. ಬೆಳಿಗ್ಗೆ ಕುಕ್ಕರಿಗೆ ಅಕ್ಕಿ ತೊಳೆಯುತ್ತಿದ್ದೆ. ನೀರು ಹಾಕಿದ ಕೂಡಲೇ ನಾಲ್ಕೈದು ಕಪ್ಪು ಹುಳ ತೇಲಿದವು. ಡಬ್ಬ ತೆಗೆದು ನೋಡಿದರೆ ಮುಚ್ಚಳದ ಒಳಗಡೆ ಇನ್ನೊಂದಿಷ್ಟು ಓಡಾಡಿಕೊಂಡಿದ್ದವು. 25 ಕೆಜಿ ಸೋನಾ ಮಸೂರಿ ಮೂಟೆ, ಒಡೆದು ಒಂದು ತಿಂಗಳೂ ಆಗಿರಲಿಲ್ಲ. ಆ ಭಾನುವಾರ ಬಿಸಿಲು ಬಿದ್ದದ್ದೇ ತಡ, ಅಷ್ಟೂ ಅಕ್ಕಿಯನ್ನು ತಾರಸಿಗೆ ಹೊತ್ತು ಹಳೇ ಸೀರೆ ಮೇಲೆ ಹರವಿದೆ. ಹುಳಗಳು ಅಕ್ಕಿ ಬಿಟ್ಟು ಗೋಡೆ ಕಡೆ ಹೊರಟವು. ಗೆದ್ದೆ ಅಂದುಕೊಂಡೆ. ಸಂಜೆ ಅನ್ನ ಮಾಡಿದರೆ ಅರ್ಧ ನುಚ್ಚು, ಅರ್ಧ ಗಂಜಿ. ಬಿಸಿಲಿಗೆ ಅಕ್ಕಿ ಸೀಳಿತ್ತು. ಅದೂ ಹೋಗಲಿ, ಸರಿಯಾಗಿ ಒಂದು ತಿಂಗಳಿಗೆ ಹುಳ ಮತ್ತೆ ಹಾಜರ್.

ಯಾಕೆ ಹೀಗಾಯಿತು ಅಂತ ಆಮೇಲೆ ಗೊತ್ತಾಯಿತು. ತಾರಸಿಯಿಂದ ಓಡಿಹೋದದ್ದು ದೊಡ್ಡ ಹುಳಗಳು ಮಾತ್ರ. ಅವುಗಳ ಮಕ್ಕಳು ಅಕ್ಕಿಕಾಳಿನ ಹೊಟ್ಟೆಯೊಳಗೇ ಇದ್ದವು. ನಾನೇ ಅವನ್ನು ಮತ್ತೆ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದ್ದೆ.

ಹುಳ ಎಲ್ಲಿಂದ ಬರುತ್ತೆ

ಅಕ್ಕಿ ಹುಳದ ಹೆಣ್ಣು ಕಾಳಿನ ಮೇಲೆ ಸುಮ್ನೆ ಮೊಟ್ಟೆ ಇಟ್ಟು ಹೋಗೋದಿಲ್ಲ. ತನ್ನ ಸೊಂಡಿಲಿನಂಥ ಮೂತಿಯಿಂದ ಕಾಳಿಗೆ ಸಣ್ಣ ತೂತು ಕೊರೆಯುತ್ತೆ, ಒಳಗೆ ಒಂದು ಮೊಟ್ಟೆ ಇಡುತ್ತೆ, ಮೇಲೆ ಅಂಟಿನಂಥದ್ದನ್ನು ಮೆತ್ತಿ ತೂತು ಮುಚ್ಚುತ್ತೆ. ಹೊರಗಿಂದ ನೋಡಿದರೆ ಕಾಳು ಸರಿಯಾಗೇ ಇರುತ್ತೆ. ಮರಿ ಒಳಗೇ ತಿಂದು, ಒಳಗೇ ಕೋಶ ಕಟ್ಟಿ, ಹುಳವಾಗಿ ಹೊರಗೆ ಬರುತ್ತೆ. ನಮ್ಮ ಬೇಸಿಗೆ, ಮಳೆಗಾಲದ ಶಾಖದಲ್ಲಿ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು ತನ್ನ ಬಾಳಿನಲ್ಲಿ 300ರ ಆಸುಪಾಸು ಮೊಟ್ಟೆ ಇಡಬಲ್ಲದು.

ಬಹಳಷ್ಟು ಸಲ ಈ ಮೊಟ್ಟೆ ಗಿರಣಿಯಿಂದಲೋ ಗೋದಾಮಿನಿಂದಲೋ ಅಂಗಡಿಯಿಂದಲೋ ಕಾಳಿನ ಜೊತೆಗೇ ಮನೆಗೆ ಬಂದಿರುತ್ತೆ. ಹಾಗಾಗಿ ಮನೆಯಲ್ಲಿ ಹುಳ ಕಂಡರೆ ನಾಚಿಕೆ ಪಡೋದೇನೂ ಬೇಡ. ಅಡುಗೆಮನೆ ಕೊಳಕು ಅಂತ ಅರ್ಥ ಅಲ್ಲ.

ಒಂದು ಸಲ ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿ ಗಾಜಿನ ಲೋಟಕ್ಕೆ ಒಂದು ಹಿಡಿ ಹೆಸರುಕಾಳು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟೆ. ಕೆಲವು ಕಾಳಿನ ಮೇಲೆ ಸುಣ್ಣದ ಚುಕ್ಕೆಯಂಥ ಬಿಳಿ ಬೊಟ್ಟು ಇತ್ತು. ಉಗುರಿನಿಂದ ಕೆರೆದರೂ ಸುಲಭಕ್ಕೆ ಬರೋದಿಲ್ಲ, ಅಷ್ಟು ಗಟ್ಟಿಯಾಗಿ ಅಂಟಿರುತ್ತೆ. ಅದೇ ಮೊಟ್ಟೆ. ಹೆಸರುಕಾಳಿಗೆ ಬೀಳೋದು ಅಕ್ಕಿ ಹುಳ ಅಲ್ಲ, ಬೇರೆ ಹುಳ. ಅದು ಮೊಟ್ಟೆಯನ್ನು ಕಾಳಿನ ಮೇಲೇ ಅಂಟಿಸುತ್ತೆ, ಮರಿ ಅಲ್ಲಿಂದ ಒಳಗೆ ಕೊರೆದು ಹೋಗುತ್ತೆ. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಕಾಳಿನ ಬದಿಯಲ್ಲಿ ಗುಂಡಗೆ, ಸ್ವಲ್ಪ ಮಸುಕಾದ ಕಿಟಕಿಯಂಥ ಗುರುತು ಮೂಡಿತು. ಮರಿ ಕೋಶ ಕಟ್ಟೋ ಮುಂಚೆ ಸಿಪ್ಪೆಯವರೆಗೂ ಕೊರೆದು ತೆಳುವಾದ ಬಾಗಿಲು ಬಿಟ್ಟುಕೊಂಡಿರುತ್ತೆ. ಕೆಲವು ದಿನ ಕಳೆದು ಆ ಬಾಗಿಲು ತಟ್ಟೆಯಂತೆ ಎದ್ದು ಬಿತ್ತು, ಒಂದು ಕಂದು ಹುಳ ಹೊರಗೆ ತಲೆ ಹಾಕಿತು. ಬಾಗಿಲು ತೆರೆದದ್ದು ಕಂಡರೆ ಆ ಕಾಳಿನ ಕತೆ ಆಗಲೇ ಮುಗಿದಿದೆ ಅಂತ ಲೆಕ್ಕ.

ಮೊದಲು ಯಾವ ಹುಳ ಅಂತ ನೋಡಿ

ಎಲ್ಲ ಹುಳಕ್ಕೂ ಒಂದೇ ಮದ್ದಲ್ಲ. ಒಂದು ಬಿಳಿ ತಟ್ಟೆಗೆ ಸುರಿದು, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ.

ಸುಮಾರು 3 ಮಿಲಿಮೀಟರ್ ಉದ್ದ, ಕಪ್ಪು ಕಂದು ಬಣ್ಣ, ಮುಂದೆ ಚಾಚಿದ ಮೂತಿ, ಬೆನ್ನ ಮೇಲೆ ನಾಲ್ಕು ಮಸುಕು ಕೆಂಪು ಚುಕ್ಕೆ ಇದ್ದರೆ ಅದು ಅಕ್ಕಿ ಹುಳ. ಅಕ್ಕಿ, ಗೋಧಿ, ಜೋಳ, ಮೆಕ್ಕೆಜೋಳ ಎಲ್ಲದಕ್ಕೂ ಬೀಳುತ್ತೆ. ಇದಕ್ಕೆ ಹಾರೋದಕ್ಕೂ ಬರುತ್ತೆ.

ದುಂಡಗೆ, ಹಿಂಭಾಗ ರೆಕ್ಕೆಯಿಂದ ಪೂರ್ತಿ ಮುಚ್ಚಿರದ ಕಂದು ಹುಳ ಇಡೀ ಕಾಳುಗಳಲ್ಲಿ ಕಂಡರೆ ಅದು ಕಾಳು ಹುಳ. ಹೆಸರು, ಕಡಲೆ, ಅಲಸಂದೆ, ತೊಗರಿ ಅದಕ್ಕೆ ಇಷ್ಟ. ದೊಡ್ಡ ಹುಳ ಏನೂ ತಿನ್ನೋದಿಲ್ಲ. ಒಂದೆರಡು ವಾರ ಬದುಕಿ, ಮೊಟ್ಟೆ ಇಟ್ಟು ಸಾಯುತ್ತೆ. ಇದರ ಕಾಟ ಎಷ್ಟೋ ಸಲ ಹೊಲದಲ್ಲೇ, ಕಾಯಿ ಗಿಡದ ಮೇಲಿದ್ದಾಗಲೇ ಶುರುವಾಗಿರುತ್ತೆ. ಒಡೆದ ಬೇಳೆಯಲ್ಲಿ ಇದರ ಆಟ ಅಷ್ಟಾಗಿ ನಡೆಯೋದಿಲ್ಲ. ಹಳೆಯವರು ವರ್ಷದ ತೊಗರಿಯನ್ನು ಬೇಗ ಬೇಳೆ ಮಾಡಿಸಿಡುತ್ತಿದ್ದದ್ದು ಅದಕ್ಕೂ ಒಳ್ಳೆಯದೇ.

ಮೈದಾ, ಗೋಧಿಹಿಟ್ಟು, ರಾಗಿಹಿಟ್ಟಿನಲ್ಲಿ ಚಪ್ಪಟೆ ಕೆಂಪು ಹುಳ ಇದ್ದರೆ ಅದು ಹಿಟ್ಟಿನ ಹುಳ. ಇಡೀ ಕಾಳನ್ನು ಕೊರೆಯೋ ಶಕ್ತಿ ಇದಕ್ಕಿಲ್ಲ, ಹಿಟ್ಟು ನುಚ್ಚು ಬೇಕು. ಜಾಸ್ತಿ ಆದರೆ ಹಿಟ್ಟಿಗೆ ಒಂದು ಥರ ಘಾಟು ಬರುತ್ತೆ, ಬಣ್ಣವೂ ಕೆಂಪಗೆ ತಿರುಗುತ್ತೆ.

ರವೆ, ನುಚ್ಚು, ಜೋಳ, ಶೇಂಗಾ ಮುದ್ದೆ ಕಟ್ಟಿ, ಎಳೆದರೆ ರೇಷ್ಮೆಯಂಥ ಎಳೆ ಬಂದರೆ ಅದು ಪತಂಗದ ಮರಿಯ ಕೆಲಸ. ಸಂಜೆ ಅಡುಗೆಮನೆ ದೀಪದ ಸುತ್ತ ಬೂದು ಪತಂಗ ಹಾರಾಡುತ್ತಿದ್ದರೆ ರವೆ ಡಬ್ಬ ತೆಗೆದು ನೋಡಿ.

ಇನ್ನು ಧನಿಯಾ, ಅರಿಶಿನ ಕೊಂಬು, ಒಣಮೆಣಸಿನಕಾಯಿ ತೂತಾಗಿ ಪುಡಿ ಉದುರುತ್ತಿದ್ದರೆ ತಲೆ ಬಗ್ಗಿಸಿಕೊಂಡಂತೆ ಕಾಣೋ ಸಣ್ಣ ದುಂಡು ಹುಳ ಸಿಗುತ್ತೆ. ಹೌದು, ಮೆಣಸಿನಕಾಯಿಯನ್ನೇ ತಿನ್ನೋ ಹುಳ. ಅಕ್ಕಿಗೆ ಕಾವಲು ಅಂತ ನಾವು ಅದೇ ಮೆಣಸಿನಕಾಯಿ ಇಡ್ತೀವಿ!

ಶೆಲ್ಫ್ ಖಾಲಿ ಮಾಡಿ, ತವರು ಹುಡುಕಿ

ಹುಳ ಕಂಡ ಡಬ್ಬವೇ ಅದರ ತವರು ಅಂದುಕೊಳ್ಳಬೇಡಿ. ಅಕ್ಕಿ, ಬೇಳೆ, ಹಿಟ್ಟು, ಮಸಾಲೆ ಎಲ್ಲವನ್ನೂ ಹೊರಗೆ ತಂದು ಒಂದೊಂದಾಗಿ ತೆರೆದು ನೋಡಿ. ತಳ ನೋಡಿ, ಮುಚ್ಚಳದ ತಿರುಪು ನೋಡಿ, ಪ್ಯಾಕೆಟ್ಟಿನ ಮಡಿಕೆ ನೋಡಿ. ಅಂಗಡಿಯಲ್ಲಿ ಬರೋ ತೆಳು ಪ್ಲಾಸ್ಟಿಕ್ ಚೀಲವನ್ನು ಕೆಲವು ಹುಳಗಳು ಕಡಿದುಕೊಂಡೇ ಒಳಗೆ ಹೋಗುತ್ತವೆ. ಆದ್ದರಿಂದ ಪ್ಯಾಕೆಟ್ ಒಡೆದಿಲ್ಲ ಅಂತ ನಂಬಿ ಕೂರಬೇಡಿ.

ನಮ್ಮನೆಯಲ್ಲಿ ತವರು ಸಿಕ್ಕಿದ್ದು ಎಲ್ಲಿ ಗೊತ್ತಾ? ಗೌರಿಹಬ್ಬದ ಮೊರದ ಬಾಗಿನದಲ್ಲಿ. ಪುಟಾಣಿ ಪ್ಯಾಕೆಟ್ಟುಗಳಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ. ಬಂದದ್ದನ್ನು ಭಕ್ತಿಯಿಂದ ಮೇಲಿನ ಶೆಲ್ಫಿನಲ್ಲಿಟ್ಟು ಮರೆತಿದ್ದೆ. ಹತ್ತು ತಿಂಗಳ ಮೇಲೆ ತೆಗೆದರೆ ರವೆ ಪ್ಯಾಕೆಟ್ ಪೂರ್ತಿ ಬಲೆ, ಅಕ್ಕಿ ಪ್ಯಾಕೆಟ್ಟಿನಲ್ಲಿ ಅಕ್ಕಿಗಿಂತ ಪುಡಿಯೇ ಜಾಸ್ತಿ. ಮಡಿಲಕ್ಕಿಯದೂ ಇದೇ ಪಾಡು. ಹಾಗೇ ಪಾರಿವಾಳಕ್ಕೆ ಅಂತ ತಂದ ಜೋಳ, ನಾಯಿಯ ಆಹಾರ, ದೇವರ ಮನೆಯ ಅಕ್ಷತೆ ಬಟ್ಟಲನ್ನೂ ಬಿಡದೆ ನೋಡಿ.

ಯಾವುದು ಕಸಕ್ಕೆ, ಯಾವುದು ಉಳಿಸೋದು

ಇಲ್ಲಿ ಜಿಪುಣತನ ಬೇಡ, ಗಾಬರಿಯೂ ಬೇಡ. ಅನ್ನದಲ್ಲಿ ಒಂದು ಅಕ್ಕಿ ಹುಳ ಬೆಂದು ಹೊಟ್ಟೆಗೆ ಹೋದರೆ ಏನೂ ಆಗೋದಿಲ್ಲ. ಅದು ಕಚ್ಚೋದಿಲ್ಲ, ವಿಷವೂ ಇಲ್ಲ.

ನಾನು ಪಾಲಿಸೋದು ಇಷ್ಟು. ಹಿಟ್ಟು, ರವೆಗೆ ಹುಳ ಬಿದ್ದಿದೆ, ಘಾಟು ಇದೆ ಅಥವಾ ಬಲೆ ಕಟ್ಟಿದೆ ಅಂದರೆ ಎಸೆಯೋದು. ಜರಡಿ ಹಿಡಿದರೆ ಹುಳ ಹೋಗುತ್ತೆ, ಆದರೆ ಮೊಟ್ಟೆ, ಹಿಕ್ಕೆ ಹಿಟ್ಟಿನ ಜೊತೆ ಕೆಳಗಿಳಿಯುತ್ತವೆ. ಬೂಷ್ಟು ಹಿಡಿದು ಮುಗ್ಗಲು ವಾಸನೆ ಬಂದದ್ದು ಏನೇ ಇರಲಿ, ಎಸೆಯೋದು. ಶೇಂಗಾ, ಮೆಕ್ಕೆಜೋಳದಲ್ಲಂತೂ ಯೋಚನೆಯೇ ಬೇಡ. ಕೆಲವು ಬೂಷ್ಟುಗಳು ಬಿಡೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಯಕೃತ್ತಿಗೆ ಕೆಟ್ಟದ್ದು, ಬೇಯಿಸಿದರೂ ಹೋಗೋದಿಲ್ಲ.

ಇಡೀ ಕಾಳಿಗೆ ನೀರಿನ ಪರೀಕ್ಷೆ ಮಾಡಿ. ಒಂದು ಹಿಡಿ ನೀರಿಗೆ ಹಾಕಿ ಕಲಕಿ. ಒಳಗೆ ಟೊಳ್ಳಾದವು ತೇಲುತ್ತವೆ. ಅಲ್ಲೊಂದು ಇಲ್ಲೊಂದು ತೇಲಿದರೆ ಉಳಿಸಬಹುದು. ಕಾಲುಭಾಗದಷ್ಟು ತೇಲಿದರೆ ಆಸೆ ಬಿಡಿ. ಊರಲ್ಲಿದ್ದರೆ ಕೋಳಿಗೆ ಹಾಕಿ, ಹಬ್ಬ ಮಾಡುತ್ತವೆ. ಸಿಟಿಯಲ್ಲಿದ್ದರೆ ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಅವತ್ತೇ ಮನೆಯಿಂದ ಆಚೆ ಕಳಿಸಿ. ಅಡುಗೆಮನೆ ಕಸದಬುಟ್ಟಿಗೆ ಹಾಕಿಟ್ಟರೆ ರಾತ್ರಿ ಅಲ್ಲಿಂದ ಎದ್ದು ಬರುತ್ತವೆ.

ಉಳಿಸೋದರೊಳಗಿನ ಹುಳ ಕೊಲ್ಲೋದು

ಇದೇ ಮುಖ್ಯ ಕೆಲಸ. ಮನೆಯಲ್ಲಿ ಕಾಳಿನ ಒಳಗಿರೋದಕ್ಕೆ ಬೇಗ ತಟ್ಟಬೇಕಾದರೆ ದಾರಿ ಎರಡೇ: ಕೊರೆಯೋ ಚಳಿ, ಇಲ್ಲಾ ಸುಡೋ ಬಿಸಿ.

ಅಕ್ಕಿಗೆ ನಾನು ಚಳಿಯನ್ನೇ ಆರಿಸಿಕೊಳ್ಳೋದು. ಫ್ರೀಜರ್ ಮೈನಸ್ 18 ಡಿಗ್ರಿ ಇದ್ದರೆ ಮೊಟ್ಟೆ, ಮರಿ, ಹುಳ ಎಲ್ಲ ನಾಲ್ಕು ದಿನದಲ್ಲಿ ಸಾಯುತ್ತವೆ. ಆದರೆ ಆ ಚಳಿ ಪೊಟ್ಟಣದ ನಡುವಿಗೆ ಮುಟ್ಟೋದಕ್ಕೇ ಸಮಯ ಬೇಕು. ಅದಕ್ಕೆ 1 ಅಥವಾ 2 ಕೆಜಿಯ ಚಪ್ಪಟೆ ಪೊಟ್ಟಣ ಕಟ್ಟಿ ಒಂದು ವಾರ ಬಿಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಸಣ್ಣ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗೋದಿಲ್ಲ. ಅದರಲ್ಲಾದರೆ ಎರಡು ವಾರ. 25 ಕೆಜಿ ಒಟ್ಟಿಗೆ ಹಿಡಿಸೋದಿಲ್ಲ, ಸರದಿ ಮೇಲೆ ಮಾಡಬೇಕು. ಬೇಜಾರಿನ ಕೆಲಸ, ಆದರೆ ಫಲ ಗ್ಯಾರಂಟಿ.

ಹೊರಗೆ ತೆಗೆದ ಮೇಲೆ ಒಂದು ಎಚ್ಚರ. ಪೊಟ್ಟಣ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಅಕ್ಕಿಗೆ ಹೊರಗಿನ ಗಾಳಿ ತಾಗಿದರೆ ಮೇಲೆ ನೀರು ಕೂರುತ್ತೆ, ಆಮೇಲೆ ಬೂಷ್ಟು. ಕಟ್ಟಿದ್ದ ಹಾಗೇ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿಚ್ಚಿ, ಮೊರದಲ್ಲಿ ಕೇರಿ ಸತ್ತ ಹುಳ, ಪುಡಿ ತೆಗೆಯಿರಿ.

ಫ್ರಿಜ್ಜಿನ ಕೆಳಗಿನ ಭಾಗದ ಚಳಿ ಹುಳವನ್ನು ಕೂಡಲೇ ಕೊಲ್ಲೋದಿಲ್ಲ, ಬೆಳೆಯದ ಹಾಗೆ ತಡೆಯುತ್ತೆ ಅಷ್ಟೇ. ರವೆ, ಗೋಡಂಬಿ, ದ್ರಾಕ್ಷಿ ಇಡೋದಕ್ಕೆ ಅದು ಒಳ್ಳೆ ಜಾಗ.

ಹೆಸರು, ಕಡಲೆ, ಅಲಸಂದೆ, ತೊಗರಿಗೆ ಬಿಸಿಲು ಹೊಂದುತ್ತೆ. ಬಿಸಿಲು ಅಂದರೆ ಮಾರ್ಚ್‌ನಿಂದ ಮೇವರೆಗಿನ ಬಿಸಿಲು. ಶ್ರಾವಣದ ಮೋಡದ ಬಿಸಿಲಲ್ಲ. ಸುಮ್ನೆ ಚಾಪೆ ಮೇಲೆ ಹರಡಿದರೆ ಒಳಗಿನ ಮರಿ ಸಾಯುವಷ್ಟು ಕಾವು ಬರೋದು ಕಷ್ಟ. ಹೀಗೆ ಮಾಡಿ: ತಾರಸಿ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ. ಕಾಳನ್ನು ಒಂದು ಬೆರಳು ದಪ್ಪಕ್ಕಿಂತ ತೆಳುವಾಗಿ ಹರವಿ. ಮೇಲೆ ಪಾರದರ್ಶಕ ಹಾಳೆ ಹೊದಿಸಿ, ನಾಲ್ಕೂ ಅಂಚಿಗೆ ಕಲ್ಲು ಹೇರಿ. ಒಳಗಿನ ಕಾವು 60 ಡಿಗ್ರಿ ದಾಟಬಹುದು. ಹನ್ನೊಂದರಿಂದ ಮೂರು ಗಂಟೆವರೆಗೆ ಬಿಡಿ, ಮರುದಿನವೂ ಒಂದು ಸಲ ಮಾಡಿ. ಆಮೇಲೆ ಹಾಳೆ ತೆಗೆದು ನೆರಳಿನಲ್ಲಿ ಪೂರ್ತಿ ಆರಲಿ. ಬಿಸಿ ಬಿಸಿ ಕಾಳನ್ನೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರುತ್ತೆ. ಬಿತ್ತನೆಗೆ ಇಟ್ಟ ಬೀಜಕ್ಕೆ ಈ ಪ್ರಯೋಗ ಬೇಡ.

ಅಕ್ಕಿಯನ್ನು ಬಿಸಿಲಿಗೆ ಹಾಕಬೇಡಿ. ಯಾಕೆ ಅಂತ ಮೊದಲೇ ಹೇಳಿದೆನಲ್ಲ. ಫ್ರೀಜರ್ ಇಲ್ಲದಿದ್ದರೆ ನೆರಳಲ್ಲಿ ಹರವಿ, ಕೇರಿ, ವಾರಕ್ಕೊಮ್ಮೆ ಹಾಗೇ ಮಾಡುತ್ತಾ ಬೇಗ ಬಳಸಿ ಮುಗಿಸಿ.

ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಘಮ ಬರೋ ತನಕ ಹುರಿದಿಟ್ಟುಕೊಳ್ಳೋದು ನಮ್ಮ ಕಡೆಯ ರೂಢಿ. ಉಪ್ಪಿಟ್ಟಿಗೂ ಸುಲಭ, ಮೊಟ್ಟೆಯೂ ಉಳಿಯೋದಿಲ್ಲ.

ಶೆಲ್ಫ್ ಸ್ವಚ್ಛ ಮಾಡೋದು

ಹಾಸಿದ ಹಳೇ ಪೇಪರ್ ತೆಗೆದು ಬಿಸಾಡಿ. ಸಂದು, ಮೊಳೆ ತೂತು, ಕಡಪ ಕಲ್ಲು ಗೋಡೆಗೆ ಸೇರೋ ಬಿರುಕು, ಇಲ್ಲೆಲ್ಲ ಹಿಟ್ಟಿನ ಪುಡಿ ಕೂತಿರುತ್ತೆ. ವ್ಯಾಕ್ಯೂಮ್ ಇದ್ದರೆ ಅದರಿಂದ ಎಳೆಯಿರಿ, ಇಲ್ಲದಿದ್ದರೆ ಹಳೇ ಟೂತ್‌ಬ್ರಷ್. ಪತಂಗದ ಕಾಟವಾಗಿದ್ದರೆ ಶೆಲ್ಫಿನ ಮೂಲೆ, ಛಾವಣಿಯ ಅಂಚೂ ನೋಡಿ. ಮರಿ ಕೋಶ ಕಟ್ಟೋದಕ್ಕೆ ಡಬ್ಬ ಬಿಟ್ಟು ದೂರ ನಡೆದುಕೊಂಡು ಹೋಗುತ್ತೆ. ಆಮೇಲೆ ಸೋಪಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಜಿರಲೆಗೆ ಹೊಡೆಯೋ ಸ್ಪ್ರೇ ಇಲ್ಲಿಗೆ ತರಬೇಡಿ, ಇದು ಊಟದ ಜಾಗ.

ಮತ್ತೆ ತುಂಬಿಡೋದು

ಹುಳಕ್ಕೆ ಬೇಕಾದ್ದು ಮೂರು: ಶಾಖ, ತೇವ, ಗಾಳಿ. ನಮ್ಮ ಊರಿನ ಶಾಖ ನಮ್ಮ ಕೈಲಿಲ್ಲ. ಉಳಿದ ಎರಡನ್ನು ಕಡಿಮೆ ಮಾಡಬಹುದು.

ಕಾಳು ಒಣಗಿದೆಯಾ ಅಂತ ನೋಡೋದಕ್ಕೆ ಹಲ್ಲಿನಲ್ಲಿ ಕಚ್ಚಿ. ಕಟ್ ಅಂತ ಮುರಿಯಬೇಕು, ಮೆತ್ತಗೆ ಜಜ್ಜಬಾರದು. ಇನ್ನೊಂದು ಉಪಾಯ: ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿಉಪ್ಪು ಹಾಕಿ ಎರಡು ನಿಮಿಷ ಕುಲುಕಿ, ಹಾಗೇ ಸ್ವಲ್ಪ ಹೊತ್ತು ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ತೇವ ಇದೆ, ಇನ್ನೂ ಒಣಗಬೇಕು. ಉದುರಿದರೆ ತುಂಬಬಹುದು.

ಗಾಳಿಯ ವಿಷಯದಲ್ಲಿ ನಮ್ಮ ಹಿಂದಿನವರು ಜಾಣರು. ರಾಗಿ, ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಆಮ್ಲಜನಕ ಕಾಳು, ಹುಳಗಳ ಉಸಿರಾಟಕ್ಕೇ ಖರ್ಚಾಗಿ, ಹುಳ ಬದುಕೋದಕ್ಕೆ ಆಗುತ್ತಿರಲಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯೋದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನಿನ ರೈತರಿಗಾಗಿ ಅಲಸಂದೆ ಇಡೋ ಪದರ ಪದರದ ಚೀಲ ರೂಪಿಸಿದರು. ಅದರ ಹಿಂದಿರೋದೂ ಇದೇ ತತ್ವ.

ಮನೆಯಲ್ಲಿ ಇದನ್ನೇ ಸಣ್ಣದಾಗಿ ಮಾಡಿ. ಒಣಗಿದ 2 ಲೀಟರ್ ತಂಪುಪಾನೀಯದ ಬಾಟಲಿಗೆ ಕಾಳು ತುಂಬಿ, ನೆಲಕ್ಕೆ ಕುಟ್ಟಿ ಕುಟ್ಟಿ ಕತ್ತಿನವರೆಗೂ ತುಂಬಿಸಿ, ಬಿಗಿಯಾಗಿ ತಿರುಪಿಡಿ. ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳಗಿನ ಗಾಳಿ ಬೇಗ ಮುಗಿಯುತ್ತೆ. ದಿನಾ ತೆರೆಯೋ ಡಬ್ಬಕ್ಕೆ ಈ ಲೆಕ್ಕ ನಡೆಯೋದಿಲ್ಲ. ಆದ್ದರಿಂದ ವಾರಕ್ಕೆ ಬೇಕಾದಷ್ಟು ಬೇರೆ ಡಬ್ಬದಲ್ಲಿ, ಉಳಿದದ್ದು ಬಿಗಿಯಾಗಿ. ಸ್ಟೀಲ್ ಡಬ್ಬದ ಮುಚ್ಚಳ ಸಡಿಲ ಇದ್ದರೆ ಅದು ಹುಳಕ್ಕೆ ಬಾಗಿಲು ತೆರೆದಿಟ್ಟಂತೆ. ರಬ್ಬರ್ ಉಂಗುರ ಇರೋ ಡಬ್ಬ ತಗೊಳ್ಳಿ.

ಹಳೇ ಅಕ್ಕಿ ಮೇಲೆ ಹೊಸ ಅಕ್ಕಿ ಸುರಿಯಬೇಡಿ. ನಾವೆಲ್ಲ ಮಾಡೋ ತಪ್ಪು ಇದು. ಹಳೇದು ಮುಗಿಸಿ, ಡಬ್ಬ ತೊಳೆದು ಒಣಗಿಸಿ, ಆಮೇಲೆ ಹೊಸದು. ಮೂಟೆ ಇಟ್ಟರೆ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಇಬ್ಬರು ಮೂವರು ಇರೋ ಮನೆಗೆ ಮಳೆಗಾಲದಲ್ಲಿ 25 ಕೆಜಿ ಮೂಟೆ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ. ಕೆಜಿಗೆ ಎರಡು ಮೂರು ರೂಪಾಯಿ ಉಳಿಸೋಕೆ ಹೋಗಿ ಐದು ಕೆಜಿ ಎಸೆದವಳು ನಾನು.

ರಾಗಿ ಬಗ್ಗೆ ಚಿಂತೆ ಬೇಡ. ಕಾಳು ಅಷ್ಟು ಸಣ್ಣದು, ಹುಳಕ್ಕೆ ಒಳಗೆ ಮನೆ ಮಾಡೋದಕ್ಕೆ ಜಾಗವಿಲ್ಲ. ಒಣಗಿಸಿಟ್ಟರೆ ವರ್ಷಗಟ್ಟಲೆ ಇರುತ್ತೆ. ಆದರೆ ಗಿರಣಿಗೆ ಹೋಗಿ ಹಿಟ್ಟಾದ ಮೇಲೆ ಆ ಬಲ ಹೋಯಿತು. ಹಿಟ್ಟನ್ನು ಹದಿನೈದು ಇಪ್ಪತ್ತು ದಿನಕ್ಕೆ ಆಗುವಷ್ಟೇ ಮಾಡಿಸಿ.

ಬೇವು, ಲವಂಗ, ಹರಳೆಣ್ಣೆ

ಬೇವಿನೆಲೆ, ಲಕ್ಕಿ ಸೊಪ್ಪು, ಲವಂಗ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಇವುಗಳ ವಾಸನೆ ಹೊಸ ಹುಳವನ್ನು ಸ್ವಲ್ಪ ದೂರ ಇಡಬಹುದು. ಕಾಳಿನೊಳಗೆ ಕೂತಿರೋ ಮರಿಗೆ ಅದು ತಿಳಿಯೋದೇ ಇಲ್ಲ. ಹಾಕೋದಾದರೆ ಎಲೆ ನೆರಳಲ್ಲಿ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ನೀವೇ ತೇವ ತುಂಬಿದ ಹಾಗೆ. ಹಸಿ ಬೆಳ್ಳುಳ್ಳಿಯೂ ಅಷ್ಟೇ.

ಹರಳೆಣ್ಣೆಯ ಮೇಲೆ ನನಗೆ ಹೆಚ್ಚು ನಂಬಿಕೆ. ಒಂದು ಕೆಜಿ ಇಡೀ ಕಾಳಿಗೆ ಒಂದು ಚಹಾ ಚಮಚ, ಅಂದರೆ 5 ಮಿಲಿ ಎಣ್ಣೆ. ಅಂಗೈಗೆ ಹಚ್ಚಿಕೊಂಡು ಕಾಳನ್ನು ಚೆನ್ನಾಗಿ ಉಜ್ಜಿ, ಪ್ರತಿ ಕಾಳಿಗೂ ಹೊಳಪು ಬರಬೇಕು. ಮೇಲೆ ಅಂಟಿದ ಮೊಟ್ಟೆಗೆ ಎಣ್ಣೆಯ ಪೊರೆಯಿಂದ ಉಸಿರು ಕಟ್ಟುತ್ತೆ, ಹೊಸ ಮೊಟ್ಟೆ ಅಂಟೋದೂ ಕಷ್ಟ. ಬಳಸೋ ಮುಂಚೆ ತೊಳೆದರಾಯಿತು. ಹುಳ ಬೀಳೋ ಮುಂಚೆ ಮಾಡಿದರೆ ಮಾತ್ರ ಇದರ ಪೂರ್ತಿ ಲಾಭ. ತೊಗರಿ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸಿಡೋದು, ಬೂದಿ ಬೆರೆಸೋದು ಇದೇ ಜಾತಿಯ ಉಪಾಯಗಳು. ಅವು ಬಿತ್ತನೆ ಬೀಜಕ್ಕೆ ಸರಿ, ಅಡುಗೆಮನೆಗೆ ಬೇಡ.

ಇನ್ನು ಮಾಡಲೇಬಾರದ್ದು. ಅಂಗಡಿಯವರೋ ನೆಂಟರೋ "ಒಂದು ಗುಳಿಗೆ ಹಾಕಿ, ಹುಳ ಮಾಯ" ಅಂತ ಕೊಟ್ಟರೆ ಮುಟ್ಟಬೇಡಿ. ಗೋದಾಮಿನಲ್ಲಿ ಬಳಸೋ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷಗಾಳಿ ಬಿಡುತ್ತೆ. ಅದು ಹುಳಕ್ಕೂ ನಮಗೂ ಭೇದ ಮಾಡೋದಿಲ್ಲ. ಮುಚ್ಚಿದ ಮನೆಯಲ್ಲಿ ಮಲಗಿದ್ದವರ ಜೀವ ಹೋಗಿದೆ, ಅದಕ್ಕೆ ಪ್ರತಿಮದ್ದೂ ಇಲ್ಲ. ಮನೆಯವರಿಗೆ ಅದನ್ನು ಮಾರೋದಕ್ಕೇ ಅನುಮತಿ ಇಲ್ಲ. ಬೋರಿಕ್ ಪುಡಿ, ಪಾದರಸದ ಗುಳಿಗೆಯೂ ಊಟದ ಕಾಳಿಗೆ ಸೇರೋ ವಸ್ತುಗಳಲ್ಲ. ತೊಳೆದರೆ ಹೋಗುತ್ತೆ ಅನ್ನೋ ಧೈರ್ಯ ಬೇಡ.

ಮೂವತ್ತನೇ ದಿನ

ಎಲ್ಲ ಮುಗಿಸಿ ತುಂಬಿದ ದಿನದ ತಾರೀಖನ್ನು ಡಬ್ಬದ ಮೇಲೆ ಬರೆದು ಅಂಟಿಸಿ. ಹತ್ತು ದಿನಕ್ಕೊಮ್ಮೆ ಒಂದು ಹಿಡಿ ತೆಗೆದು ಬಿಳಿ ತಟ್ಟೆಯ ಮೇಲೆ ಹರವಿ ನೋಡಿ. ಮೂವತ್ತು, ನಲವತ್ತನೇ ದಿನದ ತಪಾಸಣೆ ಮಾತ್ರ ತಪ್ಪಿಸಬೇಡಿ. ಒಳಗೆ ಒಂದು ಮರಿ ಉಳಿದಿದ್ದರೂ ಆ ಹೊತ್ತಿಗೆ ಹೊರಗೆ ಬಂದಿರುತ್ತೆ. ಒಂದೋ ಎರಡೋ ಕಂಡರೆ ಆ ಡಬ್ಬವೊಂದನ್ನೇ ಮತ್ತೆ ಫ್ರೀಜರಿಗೆ ಹಾಕಿದರೆ ಸಾಕು, ಇಡೀ ಅಡುಗೆಮನೆ ಕೆಡವಬೇಕಿಲ್ಲ.

ಈ ಸಲ ಗೌರಿಹಬ್ಬಕ್ಕೆ ಐದು ಬಾಗಿನ ಬಂದವು. ಅವತ್ತು ರಾತ್ರಿಯೇ ಕೂತು ಎಲ್ಲ ಪ್ಯಾಕೆಟ್ ಕತ್ತರಿಸಿದೆ. ತೊಗರಿಬೇಳೆ ಮರುದಿನದ ಸಾರಿಗೆ ಹೋಯಿತು, ಹೆಸರುಬೇಳೆ ಗಣಪತಿಯ ಕೋಸಂಬರಿಗೆ, ರವೆ ಹುರಿದು ಡಬ್ಬಕ್ಕೆ.